ಊರಿನ ಲೆಕ್ಕ ಕೇಳುವವರು ಯಾರು?

ಅಮೆರಿಕದ ಊರುಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡ ಬಂಧುಗಳಿಗೆ,



ನಿಮ್ಮೂರು ನ್ಯೂಜೆರ್ಸಿಯಲ್ಲಿರಲಿ, ಟೆಕ್ಸಾಸಿನಲ್ಲಿರಲಿ, ಅದರ ಟೌನ್ ಕೌನ್ಸಿಲ್ ತಿಂಗಳಿಗೆ ಒಂದೆರಡು ಸಂಜೆ ಸಭೆ ಸೇರುತ್ತದೆ. ಪೊಲೀಸರಿಗೆ ಎಷ್ಟು ಹಣ, ಯಾವ ಬೀದಿಗೆ ಮೊದಲು ಡಾಂಬರು, ಅಂಗಳದ ಹುಲ್ಲು ಎಷ್ಟು ಬೆಳೆದರೆ ದಂಡ, ಅಪಾರ್ಟ್‌ಮೆಂಟು ಎಲ್ಲಿ ಏಳಬಹುದು, ಎಲ್ಲಿ ಏಳಕೂಡದು ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲಿ. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಕುರ್ಚಿಗಳು ಸಾಮಾನ್ಯವಾಗಿ ಖಾಲಿ ಇರುತ್ತವೆ. ಅಧ್ಯಕ್ಷ ಚುನಾವಣೆಯ ರಾತ್ರಿ ಟೀವಿಯೆದುರು ನಿದ್ದೆಗೆಡುವ ನಿಮಗೆ ಈ ಸಭೆ ಸಪ್ಪೆ ಎನ್ನಿಸಿದ್ದರೆ ಅದು ಸಹಜ. ಆದರೆ ವರ್ಣಭೇದದ ವಿಚಾರದಲ್ಲಿ ವಾಷಿಂಗ್ಟನ್ನಿಗಿಂತ ಈ ಸಪ್ಪೆ ಸಭೆಯೇ ಹೆಚ್ಚು ಮುಖ್ಯ ಎಂಬುದು ನನ್ನ ವಾದ. ವರ್ಣಭೇದವನ್ನು ಬೈಗುಳದಲ್ಲಿ ಹುಡುಕಿದರೆ ಅಪರೂಪಕ್ಕೆ ಸಿಕ್ಕೀತು. ಊರಿನ ಆಯವ್ಯಯದಲ್ಲಿ, ದಂಡದ ರಸೀದಿಯಲ್ಲಿ, ವಲಯ ನಿಯಮದಲ್ಲಿ ಹುಡುಕಿದರೆ ಬೇಗ ಸಿಗುತ್ತದೆ, ಅದೂ ಅಂಕಿಗಳ ಸಮೇತ. ಅಂಕಿಗಳನ್ನು ಓದುವುದೇ ಕಸುಬಾಗಿರುವ ಎಷ್ಟೋ ಮಂದಿ ನಿಮ್ಮಲ್ಲಿದ್ದೀರಿ. ನೀವೇ ಆ ಪುಸ್ತಕ ತೆರೆಯದಿದ್ದರೆ ಇನ್ನು ಯಾರು ತೆರೆದಾರು ಎಂಬ ಚಿಂತೆಯಿಂದ ಈ ಪತ್ರ.

ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯಲ್ಲಿ ಫರ್ಗುಸನ್ ಎಂಬ ಊರಿದೆ. 2010ರಲ್ಲಿ ಅದರ ಜನಸಂಖ್ಯೆ ಸುಮಾರು 21,000. ಕರ್ನಾಟಕದ ಲೆಕ್ಕದಲ್ಲಿ ಪಟ್ಟಣ ಪಂಚಾಯಿತಿಯಿಂದ ಪುರಸಭೆಗೆ ಆಗಷ್ಟೇ ಬಡ್ತಿ ಪಡೆಯಬಹುದಾದ ಗಾತ್ರ. 1990ರಲ್ಲಿ ಅಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲು ಬಿಳಿಯರಿದ್ದರು. 2010ರ ಹೊತ್ತಿಗೆ ಶೇ 67ರಷ್ಟು ಜನ ಆಫ್ರಿಕನ್ ಅಮೆರಿಕನ್ನರು. ಊರು ಬದಲಾಯಿತು, ಊರಾಳುವವರು ಬದಲಾಗಲಿಲ್ಲ. 2014ರಲ್ಲಿ ಮೇಯರ್ ಬಿಳಿಯರು. ಕೌನ್ಸಿಲ್ಲಿನ ಆರು ಸದಸ್ಯರಲ್ಲಿ ಕಪ್ಪು ವರ್ಣದವರು ಒಬ್ಬರೇ. 54 ಮಂದಿ ಪೊಲೀಸ್ ಅಧಿಕಾರಿಗಳಲ್ಲಿ ನಾಲ್ವರು. ಆ ವರ್ಷದ ಆಗಸ್ಟ್ 9ರಂದು ಮೈಕಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಯುವಕ ಬಿಳಿಯ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ. ಊರು ಹೊತ್ತಿ ಉರಿಯಿತು. 2015ರ ಮಾರ್ಚ್ 4ರಂದು ಅಮೆರಿಕದ ನ್ಯಾಯ ಇಲಾಖೆ ಒಂದೇ ದಿನ ಎರಡು ವರದಿಗಳನ್ನು ಹೊರತಂದಿತು. ಆ ಅಧಿಕಾರಿಯ ಮೇಲೆ ಕೇಂದ್ರ ಕಾನೂನಿನಡಿ ಮೊಕದ್ದಮೆ ಹೂಡಲು ಆಧಾರವಿಲ್ಲ ಎಂದು ಮೊದಲನೆಯದು ಹೇಳಿತು. ಅಷ್ಟನ್ನೇ ಹಿಡಿದು ‘ನೋಡಿ, ಎಲ್ಲ ಸುಮ್ಮನೆ ಗದ್ದಲ’ ಎಂದು ಪುಸ್ತಕ ಮುಚ್ಚಿದವರು ಎರಡನೆಯದನ್ನು ಓದಿಲ್ಲ. ನೂರು ಪುಟ ದಾಟುವ ಆ ವರದಿಯಲ್ಲಿ ಗುಂಡಿನ ಮಾತಿಗಿಂತ ಬಜೆಟ್ಟಿನ ಮಾತು ಹೆಚ್ಚು.

ಲೆಕ್ಕ ಹೀಗಿತ್ತು. 2010ರ ಆರ್ಥಿಕ ವರ್ಷದಲ್ಲಿ ಫರ್ಗುಸನ್‌ನ ಸಾಮಾನ್ಯ ನಿಧಿಗೆ ಬಂದದ್ದು 1.107 ಕೋಟಿ ಡಾಲರ್; ಅದರಲ್ಲಿ ಊರಿನ ಕೋರ್ಟು ವಸೂಲಿ ಮಾಡಿದ ದಂಡ ಮತ್ತು ಶುಲ್ಕ 13.8 ಲಕ್ಷ, ಅಂದರೆ ಎಂಟರಲ್ಲೊಂದು ಭಾಗ. 2015ರ ಆಯವ್ಯಯದಲ್ಲಿ 1.326 ಕೋಟಿ ಆದಾಯದ ಅಂದಾಜು. ಅದರೊಳಗೆ ದಂಡದ ನಿರೀಕ್ಷೆ 30.9 ಲಕ್ಷ, ಹೆಚ್ಚುಕಡಿಮೆ ಕಾಲು ಭಾಗ. ‘ದಂಡದ ನಿರೀಕ್ಷೆ’ ಎಂಬ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಜನ ಇನ್ನೂ ಮಾಡದ ತಪ್ಪಿಗೆ ಊರು ಮೊದಲೇ ಗುರಿ ಹಾಕಿಕೊಂಡಿತ್ತು. 2010ರ ಮಾರ್ಚ್‌ನಲ್ಲೇ ಹಣಕಾಸು ನಿರ್ದೇಶಕರು ಪೊಲೀಸ್ ಮುಖ್ಯಸ್ಥರಿಗೆ ಬರೆದಿದ್ದರು: ಮಾರಾಟ ತೆರಿಗೆ ಖೋತಾ ಆಗುವಂತಿದೆ, ಟಿಕೆಟ್ ಬರೆಯುವುದು ಈ ವರ್ಷವೇ ಚೆನ್ನಾಗಿ ಹೆಚ್ಚದಿದ್ದರೆ ಮುಂದಿನ ವರ್ಷದ ವಸೂಲಿ ಏರುವುದು ಕಷ್ಟ, ಎಂದು. ಈ ಮಾತಿನಲ್ಲಿ ಯಾರ ಬಣ್ಣದ ಹೆಸರೂ ಇಲ್ಲ. ಬರೆದವರ ಮನಸ್ಸಿನಲ್ಲಿ ದ್ವೇಷವಿತ್ತೋ ಇಲ್ಲವೋ ಎಂದು ಕೆದಕುವ ಅಗತ್ಯವೂ ಇಲ್ಲ. ಹಣ ಬೇಕೆಂಬ ಒತ್ತಡ ಮೇಲಿನಿಂದ ಬಿದ್ದಾಗ ಪೊಲೀಸ್ ಕಾರು ಯಾವ ಬೀದಿಗೆ ತಿರುಗುತ್ತದೆ? ವಕೀಲರನ್ನು ಇಟ್ಟುಕೊಂಡು ಎದುರು ಮಾತಾಡುವವರ ಬೀದಿಗಲ್ಲವಲ್ಲ. 2012ರಿಂದ 2014ರವರೆಗಿನ ದಾಖಲೆ ಅದಕ್ಕೆ ಉತ್ತರ ಕೊಡುತ್ತದೆ: ಊರಿನಲ್ಲಿ ಶೇ 67ರಷ್ಟಿದ್ದ ಆಫ್ರಿಕನ್ ಅಮೆರಿಕನ್ನರು, ತಡೆದು ನಿಲ್ಲಿಸಿದ ವಾಹನ ಚಾಲಕರಲ್ಲಿ ಶೇ 85, ಟಿಕೆಟ್ ಪಡೆದವರಲ್ಲಿ ಶೇ 90, ಬಂಧಿತರಲ್ಲಿ ಶೇ 93.

ಆ ದಂಡಗಳ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಂಗಳದಲ್ಲಿ ಹುಲ್ಲು, ಕಳೆ ಬೆಳೆದದ್ದಕ್ಕೆ 531 ಡಾಲರ್. ರಸ್ತೆಯಲ್ಲಿ ‘ನಡೆದ ರೀತಿ’ ಸರಿಯಿಲ್ಲ ಎಂಬುದಕ್ಕೆ 302 ಡಾಲರ್. ಹೌದು, ನಡೆಯುವ ರೀತಿಗೂ ಅಲ್ಲಿ ಒಂದು ಕಲಮು ಇತ್ತು, ಆ ಕಲಮಿನಡಿ ಸಿಕ್ಕಿಬಿದ್ದವರಲ್ಲಿ ಶೇ 95ರಷ್ಟು ಕಪ್ಪು ಜನ. ಕೋರ್ಟಿಗೆ ಒಂದು ದಿನ ತಪ್ಪಿದರೆ ಮತ್ತೊಂದು ದಂಡ, ಅದರ ಮೇಲೆ ವಾರಂಟು. 2013ರ ಒಂದೇ ವರ್ಷದಲ್ಲಿ ಈ ಪುಟ್ಟ ಊರಿನ ಕೋರ್ಟು 9,000ಕ್ಕೂ ಹೆಚ್ಚು ವಾರಂಟು ಹೊರಡಿಸಿತ್ತು, ಬಹುಪಾಲು ಪಾರ್ಕಿಂಗ್, ಸಂಚಾರ, ಮನೆ ನಿರ್ವಹಣೆಯಂಥ ಚಿಲ್ಲರೆ ತಪ್ಪುಗಳಿಗೆ. ವರದಿಯಲ್ಲಿ ಹೆಸರಿಲ್ಲದ ಒಬ್ಬ ಹೆಂಗಸಿನ ಪ್ರಕರಣ ಬರುತ್ತದೆ. 2007ರಲ್ಲಿ ಆಕೆ ಒಮ್ಮೆ ಕಾರನ್ನು ತಪ್ಪಾಗಿ ನಿಲ್ಲಿಸಿದ್ದಕ್ಕೆ ಎರಡು ಟಿಕೆಟ್, 151 ಡಾಲರ್ ದಂಡ, ಮೇಲೆ ಶುಲ್ಕ. ಒಮ್ಮೆಲೇ ಕಟ್ಟಲಾಗದೆ ಒಮ್ಮೆ 25, ಒಮ್ಮೆ 50 ಡಾಲರ್ ಕಳಿಸಿದರೆ ಪೂರ್ತಿ ಹಣವಲ್ಲವೆಂದು ಕೋರ್ಟು ವಾಪಸು ಕಳಿಸಿತು. ಏಳು ವರ್ಷಗಳಲ್ಲಿ ಆಕೆ ಎರಡು ಬಾರಿ ಬಂಧನಕ್ಕೊಳಗಾಗಿ, ಆರು ದಿನ ಜೈಲಿನಲ್ಲಿದ್ದು, 550 ಡಾಲರ್ ಕಟ್ಟಿದ ಮೇಲೂ 2014ರ ಡಿಸೆಂಬರಿನಲ್ಲಿ ಬಾಕಿ 541 ಡಾಲರ್ ಇತ್ತು. ನಮ್ಮ ಹಳ್ಳಿಗಳ ಬಡ್ಡಿ ಸಾಹುಕಾರರ ಬಗ್ಗೆ ಕಥೆ ಕಾದಂಬರಿ ಓದಿ ಬೆಳೆದ ನಮಗೆ ಈ ಲೆಕ್ಕದ ಜಾಡು ಹೊಸದೇನಲ್ಲ. ಇಲ್ಲಿ ಸಾಹುಕಾರನ ಜಾಗದಲ್ಲಿ ಕೂತಿದ್ದದ್ದು ಊರಿನ ಆಡಳಿತವೇ, ಅಷ್ಟು ವ್ಯತ್ಯಾಸ.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: ತಪ್ಪು ಮಾಡಿದವರಿಗೆ ದಂಡ ಬಿತ್ತು, ಇದರಲ್ಲಿ ವರ್ಣಭೇದ ಎಲ್ಲಿಂದ ಬಂತು? ಹೆಚ್ಚು ತಪ್ಪು ಮಾಡುವವರು ಹೆಚ್ಚು ಸಿಕ್ಕಿಬೀಳುತ್ತಾರೆ, ಬರೀ ಶೇಕಡಾವಾರು ತೋರಿಸಿದರೆ ಪಕ್ಷಪಾತ ಸಾಬೀತಾಗುವುದಿಲ್ಲ, ಎಂದು. ಇದು ನ್ಯಾಯವಾದ ಪ್ರಶ್ನೆ. ಲೆಕ್ಕ ಬಲ್ಲವರು ಕೇಳಲೇಬೇಕಾದದ್ದು. ನ್ಯಾಯ ಇಲಾಖೆಯವರೂ ಕೇಳಿಕೊಂಡರು. ತಡೆದ ಕಾರುಗಳಲ್ಲಿ ಯಾರದನ್ನು ಜಾಲಾಡುತ್ತಾರೆ ಎಂದು ನೋಡಿದರೆ, ಬೇರೆ ಕಾರಣಗಳನ್ನೆಲ್ಲ ಕಳೆದ ಮೇಲೂ, ಕಪ್ಪು ಚಾಲಕರನ್ನು ಜಾಲಾಡುವ ಸಂಭವ ಬಿಳಿಯರದಕ್ಕಿಂತ ಎರಡು ಪಟ್ಟು ಮೀರಿತ್ತು. ಆದರೆ ಹಾಗೆ ಜಾಲಾಡಿದಾಗ ನಿಷಿದ್ಧ ವಸ್ತು ಸಿಕ್ಕಿದ್ದು ಬಿಳಿಯರಿಗಿಂತ ಶೇ 26ರಷ್ಟು ಕಡಿಮೆ ಬಾರಿ. ಅಪರಾಧದ ವಾಸನೆ ಹಿಡಿದು ಹೋಗಿದ್ದರೆ ಲೆಕ್ಕ ತಿರುಗಿ ಬರಬೇಕಿತ್ತು. ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತ ಹೆಚ್ಚು ಮನವರಿಕೆ ಮಾಡಿಕೊಟ್ಟಿತು. ಅತಿವೇಗದ ಟಿಕೆಟ್ಟುಗಳಲ್ಲಿ ರೇಡಾರ್ ಅಥವಾ ಲೇಸರ್ ಯಂತ್ರ ಅಳೆದು ಕೊಟ್ಟವನ್ನು ಒಂದು ಕಡೆ, ಅಧಿಕಾರಿ ಕಣ್ಣಳತೆಯಂಥ ವಿಧಾನದಲ್ಲಿ ಕೊಟ್ಟವನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ, ಕಣ್ಣಳತೆಯ ಕಡೆ ಕಪ್ಪು ಬಿಳಿ ಅಂತರ ಶೇ 48ರಷ್ಟು ಹೆಚ್ಚಿತ್ತು. ರಸ್ತೆ ಅದೇ, ವೇಗದ ಮಿತಿ ಅದೇ, ಊರೂ ಅದೇ. ಯಂತ್ರ ಹೋಗಿ ಕಣ್ಣು ಬಂದದ್ದೊಂದೇ ಬದಲಾವಣೆ. ಇನ್ನು ‘ತಪ್ಪು ಮಾಡಿದವರು ಅನುಭವಿಸಲಿ’ ಎಂಬ ನೀತಿಯನ್ನಾದರೂ ಊರಿನವರು ಎಲ್ಲರಿಗೂ ಅನ್ವಯಿಸಿದರೇ? ಕಪ್ಪು ಜನರಿಗೆ ವೈಯಕ್ತಿಕ ಹೊಣೆಗಾರಿಕೆ ಕಡಿಮೆ ಎಂದು ತನಿಖೆಯವರ ಮುಂದೆ ಹೇಳಿದ ಆಡಳಿತವೇ ತಮ್ಮವರ, ಸ್ನೇಹಿತರ, ನೆಂಟರ ಟಿಕೆಟ್ಟುಗಳನ್ನು ಸದ್ದಿಲ್ಲದೆ ರದ್ದು ಮಾಡಿಸುತ್ತಿತ್ತು.

ಎರಡನೆಯ ಆಕ್ಷೇಪ: ಕೆಲವು ಕೆಟ್ಟವರಿದ್ದರು, ಅವರನ್ನು ಕಿತ್ತುಹಾಕಿದರಾಯಿತು. ನಿಜ, ಕೆಟ್ಟವರಿದ್ದರು. ಊರಿನ ಅಧಿಕಾರಿಗಳ ಸರ್ಕಾರಿ ಇಮೇಲುಗಳಲ್ಲಿ ಕಪ್ಪು ಜನರ ಬಗ್ಗೆ ಹೊಲಸು ನಗೆಚಟಾಕಿಗಳು ಸಿಕ್ಕವು. 2008ರ ನವೆಂಬರಿನ ಒಂದು ಇಮೇಲಿನ ಗುರಿ ಆಗಷ್ಟೇ ಚುನಾಯಿತರಾಗಿದ್ದ ಬರಾಕ್ ಒಬಾಮಾ. ವರದಿ ಹೊರಬಿದ್ದ ಒಂದೇ ವಾರದಲ್ಲಿ ಊರಿನ ನ್ಯಾಯಾಧೀಶರು, ಸಿಟಿ ಮ್ಯಾನೇಜರ್, ಪೊಲೀಸ್ ಮುಖ್ಯಸ್ಥರು ಒಬ್ಬರ ಹಿಂದೊಬ್ಬರು ಹುದ್ದೆ ಬಿಡುವುದಾಗಿ ಹೇಳಿದರು. ಆದರೆ 2012ರಲ್ಲಿ ನಡೆದದ್ದನ್ನು ಗಮನಿಸಿ. ಕೌನ್ಸಿಲ್ಲಿನ ಒಬ್ಬ ಸದಸ್ಯರು ಅದೇ ನ್ಯಾಯಾಧೀಶರ ಮರುನೇಮಕವನ್ನು ವಿರೋಧಿಸಿ, ಅವರು ಸಾಕ್ಷ್ಯವನ್ನೇ ಸರಿಯಾಗಿ ಕೇಳುವುದಿಲ್ಲ ಎಂದು ಬರೆದಿದ್ದರು. ಸಿಟಿ ಮ್ಯಾನೇಜರ್, ಅಂದರೆ ನಮ್ಮ ಪುರಸಭೆಯ ಮುಖ್ಯಾಧಿಕಾರಿಯಂಥವರು, ಆ ಕೊರತೆಯನ್ನು ಒಪ್ಪಿಕೊಂಡೇ ಉತ್ತರಿಸಿದ್ದರು: ಕೋರ್ಟಿನ ದಕ್ಷತೆಯಾಗಲೀ ದಂಡದ ಆದಾಯವಾಗಲೀ ಕಡಿಮೆಯಾಗುವುದು ಊರಿಗೆ ಕಟ್ಟುವುದಿಲ್ಲ. ನ್ಯಾಯಾಧೀಶರು ಮುಂದುವರಿದರು. ಪ್ರಶ್ನೆ ಕೇಳಿದ ಆ ಒಬ್ಬರ ಹಿಂದೆ, ಸಭಾಂಗಣದಲ್ಲಿ, ಹತ್ತು ಜನ ಊರವರು ಕೂತಿದ್ದರೆ ಉತ್ತರ ಇಷ್ಟು ಸಲೀಸಾಗಿ ಬರುತ್ತಿತ್ತೇ? ಕೆಟ್ಟ ಇಮೇಲು ಬರೆದವರನ್ನು ಹೊರಹಾಕುವುದು ಸುಲಭ. ಆಯವ್ಯಯದಲ್ಲಿ ಒಂದು ಸಾಲನ್ನು ತಗ್ಗಿಸುವುದು ಕಷ್ಟ. 2016ರ ಫೆಬ್ರುವರಿಯಲ್ಲಿ ನ್ಯಾಯ ಇಲಾಖೆಯೊಡನೆ ಸುಧಾರಣೆಯ ಒಪ್ಪಂದ ಮಾಡಿಕೊಳ್ಳುವಾಗಲೂ ಕೌನ್ಸಿಲ್ಲು ಖರ್ಚಿನ ಕಾರಣವೊಡ್ಡಿ ತಿದ್ದುಪಡಿ ಕೇಳಿತು; ಮರುದಿನವೇ ಇಲಾಖೆ ದಾವೆ ಹೂಡಿದ ಮೇಲೆ, ಮುಂದಿನ ತಿಂಗಳು ಒಪ್ಪಿತು.

ಕೇಂದ್ರ ಸರ್ಕಾರ ಬಂದು ಕಿವಿ ಹಿಂಡುತ್ತದೆ ಎಂಬ ಭರವಸೆಯಲ್ಲಿ ಊರಿನವರು ಸುಮ್ಮನಿರಬಹುದೇ? 2025ರ ಮೇ ತಿಂಗಳಲ್ಲಿ ಅದೇ ನ್ಯಾಯ ಇಲಾಖೆ ಲೂಯಿವಿಲ್ ಮತ್ತು ಮಿನಿಯಾಪೊಲಿಸ್ ನಗರಗಳ ಪೊಲೀಸ್ ಸುಧಾರಣೆಗಾಗಿ ತಾನೇ ಹೂಡಿದ್ದ ದಾವೆಗಳನ್ನು ಹಿಂತೆಗೆದುಕೊಳ್ಳಲು ಹೊರಟಿತು. ವಾಷಿಂಗ್ಟನ್ನಿನ ಗಾಳಿ ನಾಲ್ಕು ವರ್ಷಕ್ಕೊಮ್ಮೆ ತಿರುಗುತ್ತದೆ. ಹಾಗಾಗಿ ಹೊಣೆ ಮತ್ತೆ ಊರಿನವರ ತಲೆಗೇ ಬರುತ್ತದೆ. ನನಗೆ ಅತ್ಯಂತ ಖೇದ ತರುವ ಸಂಗತಿ ಇದು: ಫರ್ಗುಸನ್‌ನ ಅಂಕಿಗಳು ಗುಟ್ಟಾಗಿರಲಿಲ್ಲ. ಯಾರನ್ನು, ಯಾವ ಬಣ್ಣದವರನ್ನು, ಎಷ್ಟು ಬಾರಿ ತಡೆದರು ಎಂಬ ಲೆಕ್ಕವನ್ನು ಪ್ರತಿ ಪೊಲೀಸ್ ಇಲಾಖೆಯೂ ಕೊಡಬೇಕೆಂದು ಮಿಸ್ಸೂರಿಯಲ್ಲಿ 2000ದಲ್ಲೇ ಕಾನೂನಾಗಿತ್ತು; ರಾಜ್ಯದ ಅಟಾರ್ನಿ ಜನರಲ್ ಅದನ್ನು ವರ್ಷವರ್ಷ ಪ್ರಕಟಿಸುತ್ತಿದ್ದರು. ಊರಿನ ಆಯವ್ಯಯವೂ ಬಹಿರಂಗವೇ. ಒಬ್ಬ ಹುಡುಗ ಬೀದಿಯಲ್ಲಿ ಸತ್ತು ಬೀಳುವವರೆಗೆ ಈ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುವಷ್ಟು ಒತ್ತಾಯ ಊರಿನಿಂದ ಏಳಲಿಲ್ಲ. 2013ರ ಏಪ್ರಿಲ್‌ನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು ಹನ್ನೆರಡು ಮಂದಿ. ಮತ ಹಾಕದಿದ್ದದ್ದು ಅವರದೇ ತಪ್ಪು ಎನ್ನುವ ಮುಂಚೆ ಎರಡು ವಿಷಯ ಯೋಚಿಸಿ. ಅಧ್ಯಕ್ಷ ಚುನಾವಣೆ ನವೆಂಬರಿನಲ್ಲಿ, ಊರಿನದು ಏಪ್ರಿಲ್‌ನಲ್ಲಿ, ಯಾರ ಗಮನವೂ ಇಲ್ಲದ ಹೊತ್ತಿನಲ್ಲಿ. ಮತ್ತು ತನ್ನ ಹೆಸರಿನಲ್ಲಿ ವಾರಂಟು ಇರುವ ಮನುಷ್ಯ ಸರ್ಕಾರಿ ಕಟ್ಟಡದ ಕಡೆ ಯಾಕಾದರೂ ಹೋದಾನು? ಅಂತೂ 2015ರಲ್ಲಿ ಮತದಾನ ಶೇ 30ರ ಹತ್ತಿರಕ್ಕೆ ಏರಿದಾಗ ಆರು ಸ್ಥಾನಗಳಲ್ಲಿ ಮೂರು ಕಪ್ಪು ಸದಸ್ಯರದಾದವು. 2020ರ ಜೂನ್‌ನಲ್ಲಿ ಎಲಾ ಜೋನ್ಸ್ ಎಂಬವರು ಆ ಊರಿನ ಮೊದಲ ಕಪ್ಪು ಮೇಯರ್ ಆಗಿ ಗೆದ್ದರು.

ಊರ ಉಸಾಬರಿ ನಮಗೇಕೆ, ನಾವು ದುಡಿಯಲು ಬಂದವರು, ಇದು ಅವರವರ ಹಳೆಯ ಜಗಳ: ಈ ಮಾತು ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿದೆ ಎಂದು ನಾನು ಬಲ್ಲೆ. ಫರ್ಗುಸನ್ ವರದಿ ಬರುವುದಕ್ಕೆ ಒಂದು ತಿಂಗಳ ಹಿಂದೆ, 2015ರ ಫೆಬ್ರುವರಿಯಲ್ಲಿ, ಅಲಬಾಮಾದ ಮ್ಯಾಡಿಸನ್ ಎಂಬ ಊರಿನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಒಬ್ಬ ಹಿರಿಯರು ಬೆಳಗಿನ ವಾಯುವಿಹಾರಕ್ಕೆ ಹೊರಟಿದ್ದರು. ಸಣಕಲು ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಎಂದು ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಆ ಅಜ್ಜನನ್ನು ಅಧಿಕಾರಿ ನೆಲಕ್ಕೆ ಅಪ್ಪಳಿಸಿದರು. ದೇಹಕ್ಕೆ ಭಾಗಶಃ ಲಕ್ವ ಹೊಡೆಯಿತು. ಎರಡು ಬಾರಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು. ಊರು 17.5 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿದ್ದು 2021ರಲ್ಲಿ. ಕರ್ನಾಟಕದಿಂದ ಬಂದ ನಿಮ್ಮ ಅಪ್ಪ, ಮಾವ ಬೆಳಿಗ್ಗೆ ಕೈ ಹಿಂದೆ ಕಟ್ಟಿಕೊಂಡು ನಡೆಯುವ ರೀತಿ ಯಾವ ಕಲಮಿಗೆ ಸೇರುತ್ತದೆ ಎಂದು ನಿರ್ಧರಿಸುವವರು ನಿಮ್ಮೂರಿನ ಪೊಲೀಸರು. ಅವರಿಗೆ ತರಬೇತಿ ಕೊಡಿಸುವುದು, ಸಂಬಳ ಕೊಡುವುದು ನಿಮ್ಮೂರಿನ ಕೌನ್ಸಿಲ್ಲು. ಭಾರತೀಯರೇ ದಂಡಿಯಾಗಿರುವ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಕೂಡ 2017ರ ಶಾಲಾ ಮಂಡಳಿ ಚುನಾವಣೆಯಲ್ಲಿ ಒಬ್ಬ ಚೀನೀ ಮೂಲದ, ಒಬ್ಬ ಭಾರತೀಯ ಮೂಲದ ಅಭ್ಯರ್ಥಿಯ ಚಿತ್ರಗಳ ಮೇಲೆ ‘ಗಡೀಪಾರು ಮಾಡಿ’ ಎಂದು ಅಚ್ಚೊತ್ತಿದ ಕರಪತ್ರಗಳು ಮನೆಮನೆಗೆ ಬಂದವು. ಇಬ್ಬರೂ ಗೆದ್ದರು, ಸರಿ. ಸ್ವಂತ ದುಡಿಮೆಯಿಂದ ಬಂದೆವು ಎಂಬ ಹೆಮ್ಮೆಗೂ ಒಂದು ಅಡಿಟಿಪ್ಪಣಿ ಬೇಕು: 1946ರ ಕಾನೂನಿನಲ್ಲಿ ಭಾರತಕ್ಕೆ ಸಿಕ್ಕಿದ್ದ ವಲಸೆಯ ಪಾಲು ವರ್ಷಕ್ಕೆ 100 ಜನ. ಆ ಬಾಗಿಲು ಅಗಲವಾದದ್ದು 1965ರಲ್ಲಿ, ಕಪ್ಪು ಜನರ ಹಕ್ಕಿನ ಚಳವಳಿ ಇಡೀ ದೇಶದ ಮನಸ್ಸನ್ನು ಅಲುಗಿಸಿದ ಹೊತ್ತಿನಲ್ಲಿ.

ಈಗ ಸ್ವಲ್ಪ ಇರುಸುಮುರುಸಿನ ಮಾತು. ಪೊಲೀಸರ ವಿಷಯದಲ್ಲಿ ನನ್ನೊಡನೆ ಬಂದವರು ಮನೆಯ ಬೆಲೆ, ಶಾಲೆಯ ರೇಟಿಂಗು ಎಂದೊಡನೆ ಹಿಂದೆ ಸರಿಯುತ್ತೀರೇನೋ ಎಂಬ ಅಂಜಿಕೆ ನನಗಿದೆ. ಫರ್ಗುಸನ್ ಇರುವ ಅದೇ ಕೌಂಟಿಯಲ್ಲಿ ಬ್ಲ್ಯಾಕ್ ಜ್ಯಾಕ್ ಎಂಬ ಇನ್ನೊಂದು ಊರಿದೆ. 1970ರಲ್ಲಿ, ಕಪ್ಪು ಬಿಳಿ ಕುಟುಂಬಗಳು ಒಟ್ಟಿಗೆ ಇರಬಹುದಾದ ಕಡಿಮೆ ಬೆಲೆಯ ಅಪಾರ್ಟ್‌ಮೆಂಟು ಬರುತ್ತದೆ ಎಂದು ತಿಳಿದ ನಿವಾಸಿಗಳು, ತಮ್ಮ ಬಡಾವಣೆಯನ್ನೇ ಒಂದು ಊರಾಗಿ ನೋಂದಾಯಿಸಿ, ಹೊಸ ಅಪಾರ್ಟ್‌ಮೆಂಟು ಕೂಡದು ಎಂದು ವಲಯ ನಿಯಮ ಮಾಡಿದರು. ನಿಯಮದಲ್ಲಿ ಬಣ್ಣದ ಮಾತಿಲ್ಲ. 1974ರಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯ ಅದರ ಪರಿಣಾಮವನ್ನು ನೋಡಿ ಹೊಡೆದುಹಾಕಿತು. ಮರುವರ್ಷ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ಮೌಂಟ್ ಲಾರೆಲ್ ಪ್ರಕರಣದಲ್ಲಿ, ಬೆಳೆಯುತ್ತಿರುವ ಊರುಗಳು ಬಡ, ಮಧ್ಯಮ ಆದಾಯದವರನ್ನು ವಲಯ ನಿಯಮದ ಬೇಲಿಯಿಂದ ಹೊರಗಿಡಕೂಡದು ಎಂದಿತು. ಬೇಲಿ ಯಾವ ಕಾಲದ್ದು ಎಂದು ಕೇಳುವಿರಾ? ಕ್ರಯಪತ್ರದಲ್ಲೇ ‘ಇಂಥವರಿಗೆ ಮಾರಕೂಡದು’ ಎಂದು ಬರೆಯುವ ಪದ್ಧತಿಗೆ ಕೋರ್ಟುಗಳ ಬಲ ತಪ್ಪಿಸಿದ 1948ರ ಶೆಲ್ಲಿ ಪ್ರಕರಣ ಹುಟ್ಟಿದ್ದೂ ಸೇಂಟ್ ಲೂಯಿಸ್‌ನಲ್ಲೇ. ಆ ಕರಾರಿನಲ್ಲಿ ನಿಷೇಧಿಸಿದ್ದು ನೀಗ್ರೋಗಳನ್ನು ಮಾತ್ರವಲ್ಲ, ಮಂಗೋಲಿಯನ್ ಜನಾಂಗದವರನ್ನೂ. ಏಷ್ಯಾದವರು ಹೊರಗೆ ನಿಂತಿದ್ದ ಬೇಲಿಯನ್ನೇ ಈಗ ಒಳಗೆ ನಿಂತು ಎತ್ತರಿಸುವುದು ಬೇಡ. ಶಾಲೆಯಲ್ಲಿ ಮಕ್ಕಳು ಹೆಚ್ಚಾಗುತ್ತಾರೆ, ರಸ್ತೆಯಲ್ಲಿ ಕಾರು ಹೆಚ್ಚಾಗುತ್ತವೆ ಎಂಬ ಆತಂಕ ನಿಜವಾದದ್ದೇ. ಅದನ್ನು ಶಾಲೆಯ ಕೊಠಡಿ, ರಸ್ತೆಯ ಅಗಲದ ಪ್ರಶ್ನೆಯಾಗಿಯೇ ಎತ್ತಿ. ‘ಅಂಥವರು’ ಬರುತ್ತಾರೆ ಎಂಬ ಪಿಸುಮಾತನ್ನು ಅದರೊಳಗೆ ತುರುಕಬೇಡಿ. ‘ಕರಿಯರ ಏರಿಯಾ’ ಎಂದು ಮಕ್ಕಳ ಮುಂದೆ ಕನ್ನಡದಲ್ಲಿ ಆಡುವ ಮಾತು ಕನ್ನಡವಾದ್ದರಿಂದ ಹಗುರವಾಗುವುದಿಲ್ಲ.

ಇದರ ಜೊತೆಗೇ ಜಾತಿಯ ಮಾತು ಬಂದೇ ಬರುತ್ತದೆ. 2023ರ ಫೆಬ್ರುವರಿ 21ರಂದು ಸಿಯಾಟಲ್‌ನ ಸಿಟಿ ಕೌನ್ಸಿಲ್ಲು, ಅದರ ಸದಸ್ಯೆ ಕ್ಷಮಾ ಸಾವಂತ್ ಅವರು ಮಂಡಿಸಿದ ಪ್ರಸ್ತಾವವನ್ನು 6-1 ಮತಗಳಿಂದ ಒಪ್ಪಿ, ಜಾತಿ ಆಧಾರಿತ ತಾರತಮ್ಯವನ್ನು ನಿಷೇಧಿಸಿತು. ಆಗ ಅದನ್ನು ವಿರೋಧಿಸಿದ ಭಾರತೀಯರ ವಾದಗಳನ್ನು ನೆನಪಿಸಿಕೊಳ್ಳಿ: ಇಲ್ಲಿ ಅಂಥದ್ದು ನಡೆಯುವುದಿಲ್ಲ, ಇದ್ದರೂ ಸಾಕ್ಷ್ಯ ಸಾಲದು, ನಮ್ಮನ್ನೇ ಬೊಟ್ಟು ಮಾಡಿ ತೋರಿಸಿದಂತಾಗುತ್ತದೆ. ಫರ್ಗುಸನ್‌ನ ಅಧಿಕಾರಿಗಳ ಬಾಯಲ್ಲಿ ಬಂದದ್ದೂ ಹೆಚ್ಚುಕಡಿಮೆ ಇದೇ ಧಾಟಿ. ಊರಿನ ಆಡಳಿತ ಬಣ್ಣದ ಬಗ್ಗೆ ಲೆಕ್ಕ ಕೊಡಬೇಕು, ಜಾತಿಯ ಬಗ್ಗೆ ಮಾತ್ರ ಯಾರೂ ಲೆಕ್ಕ ಕೇಳಕೂಡದು ಎಂದರೆ ಕೇಳುವವರು ನಕ್ಕಾರು. ಕರ್ನಾಟಕದಲ್ಲಿ ಕೂತವರು ನಮಗೆ ಬುದ್ಧಿ ಹೇಳಬೇಡಿ ಎಂದು ನೀವು ತಿರುಗಿಸಿ ಹೇಳಿದರೆ ಅದನ್ನೂ ಒಪ್ಪುತ್ತೇನೆ. ಇಲ್ಲಿನ ಪುರಸಭೆಗಳಲ್ಲಿ ಚರಂಡಿಗೆ ಇಳಿಯುವವರು ಯಾವ ಜಾತಿಯವರು ಎಂಬ ಲೆಕ್ಕವನ್ನು ನಾವೂ ಕೇಳುತ್ತಿಲ್ಲ, ಮಲ ಹೊರುವುದನ್ನು ನಿಷೇಧಿಸುವ ಕಾನೂನು 1993ರಲ್ಲೊಮ್ಮೆ, 2013ರಲ್ಲೊಮ್ಮೆ ಬಂದ ಮೇಲೂ. ಆ ಪತ್ರವನ್ನು ಇಲ್ಲಿನವರಿಗೆ ಬೇರೆಯಾಗಿ ಬರೆಯಬೇಕು.

ನಿಮ್ಮಿಂದ ನಾನು ಕೇಳುವುದು ಸಣ್ಣ ಕೆಲಸಗಳು. ನಿಮ್ಮೂರಿನ ಆಯವ್ಯಯ ಪತ್ರವನ್ನು ತರಿಸಿ, ದಂಡ ಮತ್ತು ಜಪ್ತಿಯ ಸಾಲಿಗೆ ಬೆರಳಿಡಿ. ಒಟ್ಟು ಆದಾಯದಲ್ಲಿ ಅದೆಷ್ಟು, ಐದು ವರ್ಷದಲ್ಲಿ ಅದು ಎತ್ತ ಸಾಗಿದೆ ನೋಡಿ. ಮಿಸ್ಸೂರಿ 2015ರಲ್ಲಿ ಇಂಥ ಆದಾಯಕ್ಕೆ ಮಿತಿಯನ್ನು ಶೇ 30ರಿಂದ 20ಕ್ಕೆ ಇಳಿಸಿತು. ನಿಮ್ಮ ರಾಜ್ಯದಲ್ಲಿ ಮಿತಿ ಇದೆಯೇ ಎಂದು ಕೌನ್ಸಿಲ್ ಸದಸ್ಯರನ್ನು ಕೇಳಿ. ಪೊಲೀಸರು ತಡೆದವರ, ಜಾಲಾಡಿದವರ ವರ್ಣವಾರು ಪಟ್ಟಿ ಪ್ರಕಟವಾಗದಿದ್ದರೆ ಪ್ರಕಟಿಸಿ ಎಂದು ಬರೆದು ಕೊಡಿ. ಕೇಂದ್ರದಲ್ಲಿ 2005ರಲ್ಲಿ ಬಂದ ಮಾಹಿತಿ ಹಕ್ಕು ಕಾನೂನಿಗಿಂತ ಐದು ವರ್ಷ ಮೊದಲೇ ತನ್ನದೊಂದು ಮಾಹಿತಿ ಹಕ್ಕು ಕಾನೂನು ಮಾಡಿದ ರಾಜ್ಯದವರು ನೀವು. ಅಮೆರಿಕದ ರಾಜ್ಯಗಳಲ್ಲೂ ಬಹಿರಂಗ ದಾಖಲೆಯ ಕಾನೂನುಗಳಿವೆ, ಅರ್ಜಿ ಬರೆಯಲು ಕಷ್ಟವೇನಿಲ್ಲ. ಸಭೆಯಲ್ಲಿ ಸಾರ್ವಜನಿಕರ ಮಾತಿಗೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಕೊಡುತ್ತಾರೆ. ಭಾಷಣಕ್ಕೆ ಅದು ಸಾಲದು, ಒಂದು ಪ್ರಶ್ನೆಗೆ ಧಾರಾಳ. ಪ್ರಜೆಗಳಾದವರು ಊರಿನ ಚುನಾವಣೆಯ ದಿನಾಂಕವನ್ನು ಯುಗಾದಿಯ ಜೊತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಪ್ಲ್ಯಾನಿಂಗ್ ಬೋರ್ಡು, ಗ್ರಂಥಾಲಯ ಮಂಡಳಿಗಳ ಖಾಲಿ ಸ್ಥಾನಗಳಿಗೆ ಅರ್ಜಿ ಹಾಕಿ. ವೀಸಾದ ಮೇಲಿರುವವರ ಅಂಜಿಕೆ ಸುಳ್ಳಲ್ಲ, ಅವರು ಮುಂದೆ ನಿಲ್ಲಬೇಕೆಂದು ಕೇಳುವ ಹಕ್ಕು ನನಗಿಲ್ಲ, ಮತದಾರರ ಪಟ್ಟಿಯ ಹತ್ತಿರವಂತೂ ಅವರು ಸುಳಿಯಲೇಬಾರದು. ಆದರೆ ಪೌರತ್ವ ಪಡೆದು ಇಪ್ಪತ್ತು ವರ್ಷವಾದವರು ಆ ಅಂಜಿಕೆಯನ್ನು ಎರವಲು ಪಡೆಯುವುದು ಸರಿಯಲ್ಲ. ಕನ್ನಡ ಕೂಟಗಳಿಗೂ ಒಂದು ಮನವಿ: ರಾಜ್ಯೋತ್ಸವದ ಹಾಡು, ನಾಟಕ, ಹೋಳಿಗೆಯೂಟದ ನಡುವೆ ವರ್ಷಕ್ಕೊಂದು ಗಂಟೆ ಊರಿನ ಕೌನ್ಸಿಲ್ ಸದಸ್ಯರನ್ನೂ ನೆರೆಯ ಕಪ್ಪು ಸಮುದಾಯದ ಹಿರಿಯರನ್ನೂ ಕರೆದು ಕೂರಿಸಿ, ಅವರು ಹೇಳುವುದನ್ನು ಕೇಳಿ. ಶಾಲು ಹೊದಿಸಿ ಕಳಿಸುವುದು ಕೊನೆಗಿರಲಿ.

ಕೊನೆಯದಾಗಿ ನಿರ್ಣಯಗಳ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಮುಂಬೈ ಪ್ರಾಂತ್ಯದಲ್ಲಿ, ಅಂದರೆ ಧಾರವಾಡ, ಬೆಳಗಾವಿ, ವಿಜಯಪುರಗಳೂ ಸೇರಿದ್ದ ಆಡಳಿತದಲ್ಲಿ, ಮಹಾಡ್ ಎಂಬ ಊರಿನ ಪುರಸಭೆ ಚವದಾರ್ ಕೆರೆಯನ್ನು ಅಸ್ಪೃಶ್ಯರಿಗೂ ತೆರೆಯುವ ನಿರ್ಣಯವನ್ನು 1924ರಲ್ಲೇ ಮಾಡಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿಕೊಂಡ ಮೇಲೆ ಏಟುಗಳು ಬಿದ್ದವು. ಅದೇ ಆಗಸ್ಟ್‌ನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ರದ್ದು ಮಾಡಿತು. ಆ ಕೆರೆಯ ಹಕ್ಕಿನ ಬಗ್ಗೆ ಮುಂಬೈ ಹೈಕೋರ್ಟಿನ ತೀರ್ಪು ಬರುವಾಗ 1937. 2020ರ ಬೇಸಿಗೆಯಲ್ಲಿ, ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ನಂತರ, ಅಮೆರಿಕದ ಎಷ್ಟೋ ಊರುಗಳು ವರ್ಣಭೇದದ ವಿರುದ್ಧ ಗಂಭೀರ ನಿರ್ಣಯಗಳನ್ನು ಅಂಗೀಕರಿಸಿದವು, ಸಮಿತಿಗಳನ್ನು ರಚಿಸಿದವು. ನಿಮ್ಮೂರಿನದೂ ಅವುಗಳಲ್ಲಿ ಇದ್ದೀತು. ಹಳೆಯ ನಡವಳಿ ಪುಸ್ತಕ ತೆಗೆಸಿ ಆ ನಿರ್ಣಯವನ್ನು ಹುಡುಕಿ. ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ, ವರದಿ ಕೊಟ್ಟಿತೇ, ಅದರಲ್ಲಿ ಯಾವುದು ಜಾರಿಯಾಯಿತು ಎಂದು ಮುಂದಿನ ಸಭೆಯಲ್ಲಿ ಎದ್ದುನಿಂತು ಕೇಳಿ. ಉತ್ತರ ಏನು ಬಂತೆಂದು ನನಗೂ ತಿಳಿಸಿ.

ಇತಿ ಗೌರವಪೂರ್ವಕವಾಗಿ,
ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ಬರಹಗಾರ